ಸಂಜೆಯ ಒಂದು ಬೊಗಸೆ ಹತ್ತಿಕಾಳು

ಗುರುಗುಂಟಾದ ನಮ್ಮ ಮನೆಯಲ್ಲಿ ಪಂಕ್ತಿಭೇದ ಮನುಷ್ಯರಿಗೆ ಎಷ್ಟಿತ್ತೋ ದನಗಳಿಗೂ ಅಷ್ಟೇ ಇತ್ತು. ತಲೆಬಾಗಿಲು ದಾಟಿ ಒಳಗೆ ಬಂದರೆ ಮೊದಲು ಸಿಗುತ್ತಿದ್ದುದು ದನದ ಅಂಕಣ. ಅಲ್ಲಿಂದ ಮೊಣಕಾಲೆತ್ತರದ ಕಟ್ಟೆ ಹತ್ತಿದರೆ ನಾವು ಉಣ್ಣುವ, ಮಲಗುವ, ಜಗಳಾಡುವ ಪಡಸಾಲೆ. ನಡುವೆ ಗೋಡೆಯಿರಲಿಲ್ಲ. ನಾವು ಏನು ಉಣ್ಣುತ್ತೇವೆಂದು ದನಗಳು ನೋಡುತ್ತಿದ್ದವು, ದನಗಳಿಗೆ ಏನು ಬೀಳುತ್ತದೆಂದು ನಾವು ನೋಡುತ್ತಿದ್ದೆವು. ಮೇವು ಹಾಕುವ ಗೋದಲಿಯ ಉದ್ದಕ್ಕೂ ಗೂಟಗಳಿದ್ದವು. ಮೊದಲ ಗೂಟಗಳು ದುಡಿಯುವ ಜೋಡಿ ಎತ್ತಿನವು. ಅವಕ್ಕೆ ಒಳ್ಳೆಯ ಕಣಕಿ, ಅಂದರೆ ಎಲೆ ಉದುರದ ಜೋಳದ ದಂಟು, ಬಿತ್ತಿಗೆಯ ಕಾಲಕ್ಕೆ ನೆನೆಸಿದ ಹುರುಳಿ. ನಂತರದ ಗೂಟ ಹಾಲು ಕೊಡುವ ಎಮ್ಮೆಯದು; ಅದಕ್ಕೆ ನೆನೆಹಾಕಿ ರುಬ್ಬಿದ ಹತ್ತಿಕಾಳು. ಕಡೆಯ ಗೂಟಗಳು, ಬಾಗಿಲ ಗಾಳಿ ಬಡಿಯುವ ಮೂಲೆಯವು, ಬೆಳೆಯುವ ಕರುಗಳಿಗೆ. ಅವು ಹಗಲೆಲ್ಲ ಗುಡ್ಡದಲ್ಲಿ ಮೇಯ್ದು ಬರಬೇಕು. ಮನೆಯಲ್ಲಿ ಅವುಗಳ ಪಾಲಿಗೆ ಬರುತ್ತಿದ್ದುದು ಎತ್ತು ತಿಂದು ಬಿಟ್ಟ ದಂಟಿನ ಬುಡ ಮಾತ್ರ. ಕಟ್ಟೆಯ ಮೇಲೂ ಇದೇ ಕಾನೂನು ನಡೆಯುತ್ತಿತ್ತು. ಹೊಲಕ್ಕೆ ಹೋಗುವ ನನ್ನ ಅಜ್ಜನಿಗೆ, ನಾವು ಮುತ್ಯಾ ಅನ್ನುತ್ತಿದ್ದೆವು, ಮತ್ತು ಅಪ್ಪನಿಗೆ ರೊಟ್ಟಿಯ ಮೇಲೆ ತುಪ್ಪ, ಪಕ್ಕದಲ್ಲಿ ಗಟ್ಟಿ ಮೊಸರು. ನನಗೆ ಮಜ್ಜಿಗೆ. ಅದೂ ನೀರಿನ ನೆಂಟಸ್ತಿಕೆ ಜಾಸ್ತಿಯಿದ್ದ ಮಜ್ಜಿಗೆ. ಮೊಸರಿನ ಗಡಿಗೆ ನನ್ನ ಅಜ್ಜಿಯ ಕೈಯಲ್ಲಿತ್ತು. ಅವಳನ್ನು ಆಯಿ ಎಂದು ಕರೆಯುತ್ತಿದ್ದೆವು. ನಾನು ತಟ್ಟೆ ಮುಂದೆ ಮಾಡಿದರೆ ಆಯಿಯ ಉತ್ತರ ಯಾವಾಗಲೂ ಸಿದ್ಧವಿರುತ್ತಿತ್ತು:

"ದುಡಿಯೋರಿಗೆ ಮೊದ್ಲು. ನೀ ಏನು ದುಡೀತಿ? ಬೆಳಿಯಾಕತ್ತೀ, ಅಷ್ಟ."

ಬೆಳೆಯುವುದು ಒಂದು ಕೆಲಸವೇ ಅಲ್ಲ ಎನ್ನುವ ಹಾಗೆ ಆಯಿ ಅದನ್ನು ಹೇಳುತ್ತಿದ್ದಳು. ಆ ವಯಸ್ಸಿನಲ್ಲಿ ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ನನ್ನ ಅವ್ವ ಈ ಕಾನೂನಿನ ಮನೆಗೆ ಗೊರೇಬಾಳದಿಂದ ಬಂದವಳು. ಅದು ಕಾಲುವೆ ನೀರಿನ ಊರು. ಅವಳ ತವರಿನಲ್ಲಿ ದನಗಳು ಗುಡ್ಡ ಅಲೆಯುತ್ತಿರಲಿಲ್ಲ. ಕಟ್ಟಿದಲ್ಲೇ ನೆಲ್ಲುಹುಲ್ಲು ತಿಂದು, ಸಿಂಧನೂರಿನ ಅಕ್ಕಿ ಗಿರಣಿಯಿಂದ ಬಂದ ತೌಡನ್ನು ಮುಸುರೆ ನೀರಿನಲ್ಲಿ ಕಲಸಿ ಕುಡಿದು, ಸಾಹುಕಾರರ ಹಾಗೆ ಮಲಗುತ್ತಿದ್ದವು. ಮಳೆಯನ್ನೇ ನಂಬಿದ ಗುರುಗುಂಟಾದ ಜನ ಅವಳನ್ನು 'ಕಾಲುವಿ ಸೊಸಿ' ಎಂದು ಕರೆದರು. ಬಿರುಬಿಸಿಲಿನಲ್ಲಿ ಎರಡು ಕೊಡ ನೀರು ಹೆಚ್ಚು ಖರ್ಚು ಮಾಡಿದರೂ ಆಯಿ, "ಇದು ನಿಮ್ಮ ಕಾಲುವಿ ಅಲ್ಲಬೇ" ಅನ್ನುತ್ತಿದ್ದಳು. ಅವ್ವ ತಿರುಗಿ ಮಾತಾಡುತ್ತಿರಲಿಲ್ಲ. ಆದರೆ ಸುಮ್ಮನೆ ಇರುತ್ತಲೂ ಇರಲಿಲ್ಲ. ಒಂದು ವಿಷಯ ತಲೆಗೆ ಹೊಕ್ಕರೆ ಅದನ್ನು ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ರೊಟ್ಟಿ ಬಡಿಯುತ್ತ, ಪಾತ್ರೆ ತಿಕ್ಕುತ್ತ ತಿರುವಿ ತಿರುವಿ ನೋಡಿ, ಸರಿಯಾದ ಹೊತ್ತಿಗೆ ಒಂದೇ ಮಾತಿನಲ್ಲಿ ಹೊರಗೆ ಹಾಕುತ್ತಿದ್ದಳು. ಆ ಮಾತು ಆಡಿದ ಮೇಲೆ ಅವಳನ್ನು ಹಿಂದಕ್ಕೆ ಸರಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಆ ವರ್ಷ ನಮ್ಮ ಕಡೆಯ ಗೂಟದಲ್ಲಿ ಬೂದ್ಯಾ ಇದ್ದ. ಬೂದಿ ಬಣ್ಣದ ಹೋರಿಗರು. ಹಾಲು ಬಿಟ್ಟಿತ್ತು, ನೊಗ ಇನ್ನೂ ಕಂಡಿರಲಿಲ್ಲ. ಎಲುಬು ಎಣಿಸಬಹುದಾದಷ್ಟು ಬಡಕಲು, ಆದರೆ ಕಣ್ಣು ಮಾತ್ರ ಚುರುಕು. ನಾನು ಶಾಲೆಯಿಂದ ಬಂದರೆ ನನ್ನ ಪಾಟಿಚೀಲ ಮೂಸದೆ ಬಿಡುತ್ತಿರಲಿಲ್ಲ. ಶಿವರಾತ್ರಿ ಕಳೆದರೆ ನಮ್ಮ ಗುಡ್ಡದ ಹುಲ್ಲು ಒಣಗಿ ಕಡ್ಡಿಯಾಗುತ್ತದೆ. ಬೆಳೆಯುವ ಕರುಗಳು ಬೇಸಿಗೆಯಿಡೀ ಅದನ್ನೇ ಅಗಿದು, ಮಳೆಗಾಲದಲ್ಲಿ ಮೈಗೆ ಹತ್ತಿಸಿಕೊಂಡದ್ದನ್ನೆಲ್ಲ ಕಳೆದುಕೊಳ್ಳುತ್ತವೆ. ಮುತ್ಯಾನ ಲೆಕ್ಕದಲ್ಲಿ ಅದು ದೇವರ ಕಟ್ಟಳೆ. ಮೇಯುವ ಕರುವಿಗೆ ಮನೆಯಲ್ಲಿ ಕೈತಿಂಡಿ ಹಾಕಿದರೆ ಅದು ಸೋಮಾರಿಯಾಗುತ್ತದೆ, ನೊಗಕ್ಕೆ ಬಾರದು ಎಂದು ಅವನ ನಂಬಿಕೆ. ಉಳಿಯುವ ಕರು ಯಾವುದು, ಸಂತೆಗೆ ಹೋಗುವ ಕರು ಯಾವುದು ಎಂದು ತೀರ್ಮಾನಿಸಲು ನಮ್ಮ ಮನೆಯಲ್ಲಿ ಒಂದು ಗೆಜ್ಜೆಪಟ್ಟಿ ಇತ್ತು. ಮುತ್ಯಾನ ಅಪ್ಪನ ಕಾಲದ ಚರ್ಮದ ಪಟ್ಟಿ, ಸುತ್ತಲೂ ಹಿತ್ತಾಳೆ ಗೆಜ್ಜೆ, ಬಿಗಿ ಮಾಡಲು ಸಾಲಾಗಿ ತೂತುಗಳು. ಮುಂಗಾರಿನ ಮೊದಲಿಗೆ ಬರುವ ಕಾರಹುಣ್ಣಿಮೆಯ ದಿನ ದನಗಳ ಮೈತೊಳೆದ ಮೇಲೆ ಮುತ್ಯಾ ಆ ಪಟ್ಟಿಯನ್ನು ಬೆಳೆಯುವ ಹೋರಿಯ ಕೊರಳಿಗೆ ಕಟ್ಟುತ್ತಿದ್ದ. ಕೊರಳು ಪಟ್ಟಿಯನ್ನು ತುಂಬಿ ನಿಂತರೆ ಹೋರಿ ಮನೆಯದು. ಪಟ್ಟಿ ಜೋತುಬಿದ್ದರೆ ಅದು ಲಿಂಗಸುಗೂರಿನ ಸಂತೆಗೆ ಹೋಗುತ್ತಿತ್ತು.

ಆದರೆ ಆ ಸಲ ಮುತ್ಯಾಗೆ ಹುಣ್ಣಿಮೆಯವರೆಗೆ ಕಾಯುವ ಮನಸ್ಸೂ ಇರಲಿಲ್ಲ. ಶಿವರಾತ್ರಿಯ ಮರುವಾರವೇ ದನದ ದಲಾಲಿ ಖಾಜಾಸಾಬನನ್ನು ಕರೆಸಿದ. ಖಾಜಾಸಾಬ ನಮ್ಮ ಮನೆಗೆ ಹಳಬ, ಮನೆಯ ಮಂದಿಯ ಹಾಗೆಯೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವವನು. ಮುತ್ಯಾ ಪೆಟ್ಟಿಗೆಯಿಂದ ಪಟ್ಟಿ ತೆಗೆದು ಬೂದ್ಯಾನ ಕೊರಳಿಗೆ ಹಾಕಿ, ಅತ್ಯಂತ ಒಳಗಿನ ತೂತಿಗೆ ಬಿಗಿದ. ಆದರೂ ಅದು ಎದೆಯ ಮೇಲೆ ಜಾರಿ ಜೋತಾಡಿತು. ಬೂದ್ಯಾ ಗೆಜ್ಜೆ ಸದ್ದಿಗೆ ಖುಷಿಯಾಗಿ ತಲೆ ಅಲ್ಲಾಡಿಸಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

"ನೋಡಪ ಖಾಜಾ, ಇದು ಬ್ಯಾಸಗಿ ದಾಟಂಗಿಲ್ಲ. ಈಗ ಹೊಡಕೊಂಡು ಹೋಗಿಬಿಡು" ಅಂದ ಮುತ್ಯಾ.

ಅಡುಗೆಮನೆಯ ಬಾಗಿಲ ಹಿಂದಿನಿಂದ ಅವ್ವನ ದನಿ ಬಂತು. ತಿರುವಿ ತಿರುವಿ ನೋಡಿ ಇಟ್ಟ ಮಾತು ಅದು, ನನಗೆ ಕೇಳಿದ ಕೂಡಲೇ ಗೊತ್ತಾಯಿತು.

"ಮಾವಾರ, ಕಾರಹುಣ್ಣಿಮಿತನ ಅದನ್ನ ನನ್ನ ಕೈಗೆ ಬಿಡ್ರಿ."

"ನಿನ್ನ ಕೈಯಾಗ ಏನೈತಿ?"

"ತೌಡು ಐತ್ರಿ."

ಖಾಜಾಸಾಬ ಚಹಾ ನೆತ್ತಿಗೇರುವಂತೆ ನಕ್ಕ. ಮುತ್ಯಾ ನಗಲಿಲ್ಲ. ಮೀಸೆ ನೀವಿ ಹೇಳಿದ:

"ಹುಣ್ಣಿಮಿ ದಿನ ಇದ ಪಟ್ಟಿ ಕಟ್ತೀನಿ. ತುಂಬಿದ್ರ ಕರ ಮನಿದು. ತುಂಬಲಿಲ್ಲಂದ್ರ ಕರಾನೂ ಹೋಗ್ತೈತಿ, ಮುಂದ ಈ ದನದ ಅಂಕಣದ ಮಾತಿಗೆ ನೀನೂ ಬರಂಗಿಲ್ಲ. ಒಪ್ಪಿಗೇನು?"

"ಒಪ್ಪಿಗ್ರಿ."

ಮುಂದಿನ ವಾರ ಗೊರೇಬಾಳದಿಂದ ಸೋದರಮಾವ ಬಸ್ಸಿನ ಮೇಲೆ ತೌಡಿನ ಚೀಲ ಹೇರಿಕೊಂಡು ಬಂದ. ಅವ್ವ ತವರಿನ ರೂಢಿಯಂತೆ ನಸುಕಿನಲ್ಲೇ ಎದ್ದು, ಬುಟ್ಟಿ ತುಂಬ ತೌಡನ್ನು ಮುಸುರೆ ನೀರಿನಲ್ಲಿ ಕಲಸಿ ಬೂದ್ಯಾನ ಮುಂದಿಡುತ್ತಿದ್ದಳು. ಅವನು ಮೂಗಿನವರೆಗೆ ಮುಖ ಅದ್ದಿ ಕುಡಿದು, ಖಾಲಿ ಬುಟ್ಟಿಯನ್ನೂ ನೆಕ್ಕಿ ದೂಡಾಡುತ್ತಿದ್ದ. ನಾನೂ ಅವ್ವನೂ ನಿಂತು ನೋಡಿ ಗೆದ್ದೇಬಿಟ್ಟೆವು ಎಂದುಕೊಂಡೆವು. ಗೆಲ್ಲಲಿಲ್ಲ. ಯುಗಾದಿಯ ಹೊತ್ತಿಗೆ ಬೂದ್ಯಾನ ಹೊಟ್ಟೆ ಜೋತುಬಿದ್ದು, ಬೆನ್ನು ಹಾಗೇ ಚೂಪಾಗಿ ಉಳಿಯಿತು. ಸಗಣಿ ನೀರಾಯಿತು. ಅದಕ್ಕಿಂತ ಹೆಚ್ಚಾಗಿ, ಅವನು ಗುಡ್ಡಕ್ಕೆ ಹೋಗಲು ಮನಸ್ಸೇ ಮಾಡುತ್ತಿರಲಿಲ್ಲ. ಊರ ದನ ಕಾಯುವ ದುರುಗಪ್ಪ ಬಾಗಿಲಿಗೆ ಬಂದು ಕೂಗಿದರೆ ಉಳಿದ ದನಗಳು ಹೊರಡುತ್ತಿದ್ದವು, ಇವನು ಬುಟ್ಟಿಯ ಹತ್ತಿರ ನಿಲ್ಲುತ್ತಿದ್ದ. ಒಂದು ಸಂಜೆ ದುರುಗಪ್ಪ ಎಲ್ಲರ ಎದುರಿಗೆ ಹೇಳಿಯೇಬಿಟ್ಟ:

"ಯವ್ವಾ, ನಿಮ್ಮ ಕರ ಮೇಯಾಕ ಬರಂಗಿಲ್ಲ, ಜಾಲಿ ನೆಳ್ಳಾಗ ಮಲಗಾಕ ಬರ್ತೈತಿ."

ಮುತ್ಯಾ ಎಲೆಅಡಿಕೆ ಹಾಕಿಕೊಂಡ. ಅವನು ಮಾತಾಡಬೇಕಾದದ್ದನ್ನು ಕರುವೇ ಮಾಡಿ ತೋರಿಸಿತ್ತು. ಆಯಿ ಮಾತ್ರ ಓಣಿಗೆಲ್ಲ ಕೇಳುವಂತೆ, "ಕಾಲುವಿ ಸೊಸಿ ಕರಕ್ಕ ಕಾಲುವಿ ಬುದ್ಧಿ ಕಲಿಸ್ಯಾಳ" ಎಂದಳು. ಆ ಸಂಜೆ ಅವ್ವ ಬಡಿದ ರೊಟ್ಟಿಯ ಸದ್ದು ಬೇರೆಯೇ ಇತ್ತು. ಹಿಟ್ಟಿಗೆ ಏಟು ಬೀಳುತ್ತಿತ್ತು, ಅವಳ ಕಣ್ಣಲ್ಲಿ ನೀರಿತ್ತು. ಹೊಗೆ ಅಂದಳು. ನಾನು ನಂಬಲಿಲ್ಲ.

ಆ ಭಾನುವಾರ ಅವ್ವ ಬುತ್ತಿ ಕಟ್ಟಿಕೊಂಡು, ಸೆರಗು ಬಿಗಿದು, ನನ್ನ ಕೈ ಹಿಡಿದು ದನದ ಹಿಂದೆ ಗುಡ್ಡಕ್ಕೆ ನಡೆದಳು. ಮನೆಯ ಸೊಸೆ ದನದ ಬೆನ್ನು ಹತ್ತಿ ಹೋಗಿದ್ದಾಳೆ ಎಂಬುದು ನಾವು ಊರ ಹೊರಗಿನ ಬಾವಿ ದಾಟುವ ಮೊದಲೇ ಸುದ್ದಿಯಾಗಿತ್ತು. ಅವಳು ಲೆಕ್ಕಿಸಲಿಲ್ಲ. ಬಂಡೆಯ ನೆರಳಿನಲ್ಲಿ ಕೂತು ಸಂಜೆಯತನಕ ದನಗಳ ಬಾಯನ್ನೇ ನೋಡಿದಳು. ಉಳಿದ ಕರುಗಳು ಒಣಹುಲ್ಲನ್ನು ಕರಕರ ಕಡಿಯುತ್ತ ಗುಡ್ಡವೇರಿದವು. ಬೂದ್ಯಾ ಜಾಲಿಯ ಕೆಳಗೆ ಮಲಗಿ ಬೆಳಗಿನ ತೌಡನ್ನೇ ನೆನೆಸಿಕೊಳ್ಳುತ್ತಿದ್ದ. ಆಮೇಲೆ ಅವ್ವ ಒಂದು ಕಡ್ಡಿ ತೆಗೆದುಕೊಂಡು ಬೇರೆ ಕರುಗಳ ಸಗಣಿಯನ್ನು ಕೆದಕತೊಡಗಿದಳು. ನನಗೆ ನಾಚಿಕೆಯಾಗಿ ಸುತ್ತಮುತ್ತ ನೋಡಿದೆ. ಒಣಗಿ ಗಟ್ಟಿಯಾದ ಸಗಣಿಯಲ್ಲಿ ಹುಲ್ಲು ಹುಲ್ಲಾಗಿಯೇ ಕಾಣುತ್ತಿತ್ತು. ಅವ್ವ ಕಡ್ಡಿ ಬಿಸುಟು, ನನಗೆ ಹೇಳುತ್ತಿದ್ದಾಳೋ ತನಗೇ ಹೇಳಿಕೊಳ್ಳುತ್ತಿದ್ದಾಳೋ ತಿಳಿಯದ ಹಾಗೆ ಮಾತಾಡಿದಳು:

"ಮುಂಜಾನಿ ನಾನ ಇದರ ಹಸಿವಿ ಕಸ್ಕೊಂಡು ಗುಡ್ಡಕ್ಕ ಕಳಸಾಕತ್ತೀನಿ. ಹೊಟ್ಟಿ ತುಂಬಿದ್ದು ಒಣಹುಲ್ಲಿಗೆ ಯಾಕ ಬಾಯಿ ಹಾಕ್ತೈತಿ? ನಿಮ್ಮ ಮುತ್ಯಾನ ಮಾತು ಅರ್ಧ ಖರೇ ಐತಿ."

"ಇನ್ನರ್ಧ?"

"ಈ ಕರಗೋಳು ಹೊಟ್ಟಿತುಂಬ ಮೇಯ್ತಾವ, ಆದ್ರ ಹುಲ್ಲು ಕರಗವಲ್ದು. ನಮ್ಮ ಎಮ್ಮಿನೂ ಒಣಮೇವ ತಿಂತೈತಿ, ಅದರ ಸಗಣ್ಯಾಗ ಹಿಂಗ ಹುಲ್ಲು ಕಾಣ್ತೈತೇನು? ಅದರ ಹೊಟ್ಯಾಗ ಹತ್ತಿಕಾಳು ಐತಿ. ಬೂದ್ಯಾಗ ಊಟ ಗುಡ್ಡದಾಗ ಐತವಾ. ಮನ್ಯಾಗ ಬೇಕಾದ್ದು ಆ ಊಟ ಮೈಗೆ ಹತ್ತಂಗ ಮಾಡೋ ಒಂದು ಬೊಗಸಿ."

ನಾನು ಈಗ ಮಸ್ಕಿಯಲ್ಲಿ ನನ್ನದೇ ಕೊಟ್ಟಿಗೆಯಲ್ಲಿ ಬೆಳೆಯುವ ಹೋರಿಗಳನ್ನೂ ಟಗರುಗಳನ್ನೂ ಸಾಕುತ್ತೇನೆ. ಹುಡುಗರು ಮೊಬೈಲಿನಲ್ಲಿ ವಿಡಿಯೊ ನೋಡಿ, "ಅಕ್ಕಾರ, ಜಲ್ದಿ ದಪ್ಪ ಆಗಾಕ ಏನು ಹಾಕಬೇಕ್ರಿ?" ಎಂದು ಕೇಳಿಕೊಂಡು ಬರುತ್ತಾರೆ. ಎಷ್ಟು ಹಾಕಬೇಕು ಎಂದು ಎಲ್ಲರೂ ಕೇಳುತ್ತಾರೆ, ಯಾವ ಹೊತ್ತಿಗೆ ಹಾಕಬೇಕು ಎಂದು ಯಾರೂ ಕೇಳುವುದಿಲ್ಲ. ನನಗೆ ಆಗೆಲ್ಲ ಬಂಡೆಯ ನೆರಳಿನಲ್ಲಿ ಕಡ್ಡಿ ಹಿಡಿದು ಕೂತ ಅವ್ವ ನೆನಪಾಗುತ್ತಾಳೆ. ನೋಡಿ ಕಲಿಯುವುದಕ್ಕೆ ನಾಚಬಾರದು ಎಂಬುದನ್ನು ನಾನು ಕಲಿತದ್ದು ಅಲ್ಲಿ, ಆ ನಾಚಿಕೆಯ ನಡುವೆಯೇ.

ಆದರೆ ಹತ್ತಿಕಾಳಿನ ಕೋಣೆಯ ಕೀಲಿ ಆಯಿಯ ಸೊಂಟದಲ್ಲಿತ್ತು. ಹತ್ತಿಕಾಳು ಎಮ್ಮೆಯದು, ಎಮ್ಮೆ ಆಯಿಯದು. ಅದರಲ್ಲಿ ಒಂದು ಕಾಳು ಕರುವಿನ ಗೋದಲಿಗೆ ಬಿದ್ದದ್ದು ನಮ್ಮ ಮನೆಯ ಚರಿತ್ರೆಯಲ್ಲೇ ಇರಲಿಲ್ಲ. ಆ ಸಂಜೆ ಅವ್ವ ಆಯಿಯ ಮುಂದೆ ಹೋಗಿ ಕೂತಾಗ ನಾನು ಕಂಬದ ಪಕ್ಕ ನಿಂತೆ.

"ಅತ್ತೀ, ಉಳಿದ ತೌಡೆಲ್ಲ ಎಮ್ಮಿಗೆ ತಗೋರಿ. ಅದರ ಹತ್ತಿಕಾಳಾಗ ದಿನಾ ಒಂದು ಬೊಗಸಿ ಬೂದ್ಯಾಗ ಕೊಡ್ರಿ."

"ಎಮ್ಮಿ ಹಾಲು ಕಡಿಮಿ ಆತಂದ್ರ?"

"ಆದ್ರ ನಾ ಹಾಲು ಹಾಕಿದ ಚಾ ಕುಡ್ಯಾಂಗಿಲ್ರಿ."

"ಹೂಂ. ನೆನಿಹಾಕಿ ರುಬ್ಬೋರು ಯಾರು?"

"ನಾ ರುಬ್ತೀನ್ರಿ. ಎಮ್ಮಿದೂ ನಾನ ರುಬ್ತೀನ್ರಿ."

ಆಯಿ ತನ್ನ ಅಂಗೈಗಳನ್ನು ನೋಡಿಕೊಂಡಳು. ಮದುವೆಯಾಗಿ ಬಂದ ದಿನದಿಂದ ಆ ಒರಳಿನಲ್ಲಿ ಹತ್ತಿಕಾಳು ರುಬ್ಬಿ ರುಬ್ಬಿ ಜಡ್ಡುಗಟ್ಟಿದ ಕೈಗಳು ಅವು. ಕೀಲಿ ತೆಗೆದು ಅವ್ವನ ಮಡಿಲಿಗೆ ಎಸೆದಳು.

"ಇದನ್ನ ಮೊದ್ಲ ಹೇಳಬೇಕಿಲ್ಲೇನಬೇ!"

ಅಂದಿನಿಂದ ನಮ್ಮ ಮನೆಯ ದಿನಚರಿ ತಿರುಗಿತು. ಬೆಳಿಗ್ಗೆ ಬೂದ್ಯಾಗೆ ಏನೂ ಇಲ್ಲ, ಒಂದು ಬಕೆಟ್ ನೀರು ಬಿಟ್ಟರೆ. ಮೊದಲ ಕೆಲವು ದಿನ ಅವನು ಬುಟ್ಟಿ ಹುಡುಕಿ, ಕೂಗಿ, ನನ್ನನ್ನು ತಲೆಯಿಂದ ಗುಮ್ಮಿ ರಂಪ ಮಾಡಿದ. ಹಸಿವು ಅವನನ್ನು ಗುಡ್ಡಕ್ಕೆ ಅಟ್ಟಿತು. ಸಂಜೆ ದನ ಬರುವ ಹೊತ್ತಿಗೆ ಅವ್ವ ಒರಳಿನಿಂದ ಬಿಳಿ ಹಾಲಿನಂಥ ಹತ್ತಿಕಾಳಿನ ಹಿಟ್ಟನ್ನು ಎತ್ತಿ, ಒಂದೇ ಒಂದು ಬೊಗಸೆ ಅವನ ಗೋದಲಿಗೆ ಹಾಕಿ, ಮೇಲೆ ಚಿಟಿಕೆ ಉಪ್ಪು ಉದುರಿಸುತ್ತಿದ್ದಳು. ಇನ್ನೂ ಬೇಕೆಂದು ಅವನು ಕಣ್ಣರಳಿಸಿದರೂ ಕೊಡುತ್ತಿರಲಿಲ್ಲ. ನಾನು ಬೇಡಿಕೊಂಡರೂ ಕೊಡುತ್ತಿರಲಿಲ್ಲ. ಕೆಲವು ವಾರಗಳಲ್ಲೇ ಜೋತುಬಿದ್ದ ಹೊಟ್ಟೆ ಮೇಲೆ ಸರಿಯಿತು. ಬೆನ್ನಿನ ಚೂಪು ಮಾಯವಾಯಿತು. ಕೂದಲು ಹೊಳೆಯತೊಡಗಿತು. ದುರುಗಪ್ಪ ಬಾಗಿಲಿಗೆ ಬರುವ ಮೊದಲೇ ಬೂದ್ಯಾ ಹಗ್ಗ ಜಗ್ಗುತ್ತಿದ್ದ. ಬೇರೆ ದನ ಮೂಸಿ ಬಿಟ್ಟ ಕಡ್ಡಿಯನ್ನೂ ಈ ಕರು ಬಿಡುವುದಿಲ್ಲ ಎಂದು ದುರುಗಪ್ಪನೇ ಬಂದು ಹೇಳಿದ. ಎಮ್ಮೆಯ ಹಾಲು ಇಳಿಯಲಿಲ್ಲ. ಅವ್ವನ ಚಹಾದಲ್ಲಿ ಹಾಲೂ ಉಳಿಯಿತು.

ಮೇ ತಿಂಗಳಲ್ಲಿ ಗೊರೇಬಾಳದಲ್ಲಿ ಮದುವೆಯೆಂದು ಅವ್ವ ಹೋದಳು. ಬೂದ್ಯಾನ ಹೊಣೆ ನನ್ನದು. ಆ ಸಂಜೆ ನಾನು ಓಣಿಯಲ್ಲಿ ಆಟದಿಂದ ಓಡಿ ಬಂದಾಗ ಆಯಿ ಒರಳಿನ ಮುಂದೆ ಕೂತಿದ್ದಳು.

"ಹೊತ್ತು ಮುಳುಗಾಕತ್ತೈತಿ, ಕರ ಬಾಯಿ ಬಾಯಿ ಬಿಡಾಕತ್ತೈತಿ. ಎಲ್ಲಿ ತಿರುಗಾಕತ್ತಿದ್ದಿ?" ಎಂದು ಬೈದು, ತಾನೇ ಬೊಗಸೆ ತುಂಬಿ ಹಾಕಿದಳು. ಆಯಿಯ ಬೊಗಸೆ ಅವ್ವನ ಬೊಗಸೆಗಿಂತ ದೊಡ್ಡದಿತ್ತು.

ಕಾರಹುಣ್ಣಿಮೆಯ ದಿನ ಬಂತು. ಎರಡು ಮಳೆ ಬಿದ್ದು ಗುಡ್ಡ ಹಸಿರು ಹೊದೆಯುತ್ತಿತ್ತು. ಅಪ್ಪ ದನಗಳನ್ನು ಹಳ್ಳದಲ್ಲಿ ಮೈತೊಳೆಸಿ ತಂದ. ಅಂಕಣದ ತುಂಬ ಕೊಂಬಿನ ಬಣ್ಣದ ವಾಸನೆ, ಅಡುಗೆಮನೆಯಿಂದ ಹೂರಣದ ವಾಸನೆ. ಸಂಜೆ ಊರಿನ ಎತ್ತುಗಳೆಲ್ಲ ಊರ ಬಾಗಿಲಾದ ಅಗಸೆಯಲ್ಲಿ ಓಡಿ ಬೇವಿನ ತೋರಣ ಹರಿಯುವ ಗದ್ದಲವಿರುತ್ತದೆ. ನಮ್ಮ ಮನೆಯ ಗದ್ದಲ ಮಧ್ಯಾಹ್ನವೇ ಶುರುವಾಯಿತು. ಖಾಜಾಸಾಬ ತೀರ್ಪು ನೋಡಲೆಂದೇ ಬಂದು ಕಟ್ಟೆಯ ಮೇಲೆ ಕೂತಿದ್ದ. ಮುತ್ಯಾ ಪೆಟ್ಟಿಗೆ ತೆರೆದು ಪಟ್ಟಿ ತೆಗೆದ. ಅವ್ವ ಅಡುಗೆಮನೆಯ ಬಾಗಿಲಲ್ಲಿ, ಹೂರಣ ಮೆತ್ತಿದ ಕೈಯಲ್ಲೇ ನಿಂತಿದ್ದಳು. ಮುತ್ಯಾ ಬೂದ್ಯಾನ ಕೊರಳ ಸುತ್ತ ಪಟ್ಟಿ ತಂದು, ರೂಢಿಯಂತೆ ಒಳಗಿನ ತೂತಿಗೆ ಎಳೆದ. ಬರಲಿಲ್ಲ. ಅದರ ಮುಂದಿನದಕ್ಕೆ ಎಳೆದ. ಬರಲಿಲ್ಲ. ಒಂದೊಂದಾಗಿ ತೂತುಗಳನ್ನು ಬಿಡುತ್ತ ತುದಿಗೆ ಬಂದ. ತುದಿಯ ತೂತೂ ಕೊಂಡಿಗೆ ಸಿಗಲಿಲ್ಲ. ಬೂದ್ಯಾ ಕೊರಳನ್ನು ಉಬ್ಬಿಸಿ ಸುಮ್ಮನೆ ನಿಂತಿದ್ದ. ನಾನು ಹಲ್ಲು ಕಚ್ಚಿ ನಗು ತಡೆದುಕೊಂಡಿದ್ದೆ.

"ಪಟ್ಟಿ ಒಣಗಿ ಕುಗ್ಗೈತೇನು ನೋಡ್ರಿ" ಅಂದಳು ಆಯಿ.

"ಎಣ್ಣಿ ಹಚ್ಚಿ ಇಟ್ಟವ ನಾನ ಅದೀನಿ. ಪಟ್ಟಿ ಕುಗ್ಗಿಲ್ಲ" ಅಂದ ಮುತ್ಯಾ. "ದಬ್ಬಳ ತಾ."

ಗೋಣಿಚೀಲ ಹೊಲಿಯುವ ದಬ್ಬಳ ತಂದುಕೊಟ್ಟವಳು ನಾನೇ. ಮುತ್ಯಾ ಮೊಣಕಾಲ ಮೇಲೆ ಪಟ್ಟಿಯಿಟ್ಟು, ತನ್ನ ಅಪ್ಪನ ಕಾಲದಿಂದ ಯಾರೂ ಮುಟ್ಟದ ಆ ಚರ್ಮದ ತುದಿಯಲ್ಲಿ ಹೊಸ ತೂತು ಕೊರೆದ. ಪಟ್ಟಿ ಬಿಗಿಯಾಗಿ ಕೂತಿತು. ಗೆಜ್ಜೆಗಳು ಜೋತಾಡದೆ, ಕೊರಳಿಗೆ ಅಂಟಿಕೊಂಡು ತುಂಬಿದ ದನಿಯಲ್ಲಿ ನುಡಿದವು. ಖಾಜಾಸಾಬ ಎದ್ದು ಬಂದು ಬೂದ್ಯಾನ ಬೆನ್ನ ಮೇಲೆ ಕೈಯಾಡಿಸಿ ತಲೆದೂಗಿದ.

"ಮಾಶಾಲ್ಲಾ! ಯಜಮಾನ್ರ, ಈಗ ಕೊಡ್ರಿ ನೋಡೋಣು. ಬಾಯಿಗೆ ಬಂದಷ್ಟು ಕೇಳ್ರಿ."

ಮುತ್ಯಾ ದಬ್ಬಳ ಒರೆಸುತ್ತ ಅಡುಗೆಮನೆಯ ಕಡೆ ಗದ್ದ ತೋರಿಸಿದ.

"ನನ್ನನ್ಯಾಕ ಕೇಳ್ತಿ? ಅಕಿನ್ನ ಕೇಳು. ಅಂಕಣದ ಮಾತು ಇನ್ನ ಮ್ಯಾಲೆ ಅಕಿದು."

ಅವ್ವ ಬಾಗಿಲ ಹಿಂದಿನಿಂದ ಮಾತಾಡಲಿಲ್ಲ. ಪಡಸಾಲೆ ದಾಟಿ ಕಟ್ಟೆಯ ಅಂಚಿಗೆ ಬಂದು, ಎಲ್ಲರೂ ಕಾಣುವಂತೆ ನಿಂತಳು. ಅವಳು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಅದೇ ಮೊದಲ ಸಲ ನೋಡಿದೆ. ನನ್ನ ಎದೆ ಉಬ್ಬಿ, ಬೂದ್ಯಾನ ಕೊರಳಿಗಿಂತ ದೊಡ್ಡದಾಯಿತು.

"ಕೊಡಂಗಿಲ್ರಿ ಖಾಜಾಣ್ಣಾರ. ಹೋಳಿಗಿ ಉಂಡು ಹೋಗ್ರಿ."

ಅವತ್ತು ಖಾಜಾಸಾಬ, ಮುತ್ಯಾ, ಅಪ್ಪ ಸಾಲಾಗಿ ಕೂತರು. ನಾನು ಸಾಲಿನ ಕಡೆಯಲ್ಲಿ, ನನ್ನ ಯಾವತ್ತಿನ ಜಾಗದಲ್ಲಿ ಕೂತೆ. ಆಯಿ ತುಪ್ಪದ ಗಿಂಡಿ ಹಿಡಿದು ಒಬ್ಬೊಬ್ಬರ ಹೋಳಿಗೆಗೂ ಸುರಿಯುತ್ತ ಬಂದು, ಅಪ್ಪನ ತಟ್ಟೆಯ ನಂತರ ಗಿಂಡಿಯನ್ನು ಮೇಲೆತ್ತಿದಳು. ಮುತ್ಯಾ ತುತ್ತು ಕೈಯಲ್ಲಿ ಹಿಡಿದೇ ನನ್ನ ಕಡೆ ನೋಡಿ ಹೇಳಿದ:

"ಅಕಿಗೂ ನೀಡು."

"ಅಕಿ ಏನು ದುಡೀ..."

ಆಯಿ ಅಂಕಣದ ಕಡೆ ನೋಡಿದಳು. ಕಟ್ಟೆಯ ಕೆಳಗೆ ಬೂದ್ಯಾ ಕಣ್ಣರಳಿಸಿ ನಮ್ಮನ್ನೇ ನೋಡುತ್ತಿದ್ದ.

"ಬೆಳಿಯಾಕತ್ಯಾಳ" ಅಂದ ಮುತ್ಯಾ.

ಆಯಿ ನನ್ನ ಹೋಳಿಗೆಯ ಮೇಲೆ ತುಪ್ಪ ಸುರಿದಳು. ಅದು ಹರಿದು ತಟ್ಟೆಯ ಅಂಚು ಮುಟ್ಟಿತು. ನಾನು ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಅವ್ವಗ?" ಎಂದು ಕೇಳಿದೆ.

"ಅಕಿ ಪಾಲಿನ ತುಪ್ಪ ಮುಂಜಾನೇನ ತಗದು ಮುಚ್ಚಿಟ್ಟೀನಿ. ನೀ ಬಾಯಿ ಮುಚ್ಕೊಂಡು ಉಣ್ಣು" ಅಂದಳು ಆಯಿ.

ಮುಂಜಾನೆ ಅಂದರೆ ಪಟ್ಟಿ ಪೆಟ್ಟಿಗೆಯಿಂದ ಹೊರಗೆ ಬರುವ ಮೊದಲೇ. ಬಾಯಿ ಮುಚ್ಚಿಕೊಂಡು ಉಣ್ಣುವುದು ಹೇಗೆಂದು ಗೊತ್ತಾಗದೆ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅಡುಗೆಮನೆಯಿಂದ ಅವ್ವನೂ ನಕ್ಕಳು.